ಮುಖ ಒಬ್ಬರದು, ಮೈ ಇನ್ನೊಬ್ಬರದು

ಗಿರೀಶ ಕಾರ್ನಾಡರ ‘ಹಯವದನ’ ನಾಟಕವನ್ನು ನಮ್ಮಲ್ಲಿ ಬಹಳ ಮಂದಿ ಓದಿದ್ದೇವೆ, ಇಲ್ಲವೇ ರಂಗದ ಮೇಲೆ ನೋಡಿದ್ದೇವೆ. ದೇವದತ್ತನ ತಲೆ ಕಪಿಲನ ಮುಂಡಕ್ಕೆ, ಕಪಿಲನ ತಲೆ ದೇವದತ್ತನ ಮುಂಡಕ್ಕೆ ಸೇರಿಬಿಟ್ಟಾಗ ಪದ್ಮಿನಿಯ ಗಂಡ ಯಾರು ಎಂಬ ಪ್ರಶ್ನೆ ಏಳುತ್ತದೆ. ಬೇತಾಳನ ಕತೆಯ ಕಾಲದಿಂದಲೂ ಇದಕ್ಕೆ ಸಿದ್ಧ ಉತ್ತರ ಒಂದೇ: ತಲೆಯೇ ಉತ್ತಮಾಂಗ, ತಲೆ ಯಾರದೋ ಮನುಷ್ಯ ಅವನೇ. ಸಿನಿಮಾ ಮಂದಿಯೂ ಈ ತೀರ್ಪನ್ನೇ ನಂಬಿ ನೂರಿಪ್ಪತ್ತೈದು ವರ್ಷಗಳಿಂದ ತಲೆ ಬದಲಾಯಿಸುತ್ತ ಬಂದಿದ್ದಾರೆ. ಆ ಮುಂಡ ಯಾರದು ಎಂದು ಕೇಳಿದವರು ಮಾತ್ರ ಕಡಿಮೆ. ಈ ಕೈಚಳಕದ ಚರಿತ್ರೆಯನ್ನು ಒಮ್ಮೆ ಆ ಕಡೆಯಿಂದಲೂ ನೋಡೋಣ.

1898ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆ ತಮ್ಮ ತಲೆಯನ್ನೇ ಕಿತ್ತು ಮೇಜಿನ ಮೇಲಿಟ್ಟು, ಮತ್ತೆ ಹೊಸ ತಲೆ ಮೂಡಿಸಿಕೊಂಡು ತೆರೆಯ ಮೇಲೆ ತಮಾಷೆ ತೋರಿಸಿದರು. ಗುಟ್ಟು ಸರಳ. ಬೇಡದ ಭಾಗಕ್ಕೆ ಕಪ್ಪು ಮುಸುಕು ಹಾಕಿದರೆ ಅಲ್ಲಿ ಫಿಲಂ ಮೇಲೆ ಏನೂ ಮೂಡುವುದಿಲ್ಲ. ಅದೇ ಫಿಲಂ ಹಿಂದಕ್ಕೆ ಸುತ್ತಿ, ಖಾಲಿ ಉಳಿದ ಜಾಗದಲ್ಲಿ ಇನ್ನೊಂದು ಚಿತ್ರ ತೆಗೆದರಾಯಿತು. ಕಟ್ಟಳೆ ಒಂದೇ: ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಾಡಕೂಡದು.

ಓಡಾಡುವ ದೇಹಕ್ಕೆ ಇನ್ನೊಬ್ಬರ ಮುಖ ಅಂಟಿಸಬೇಕಾದರೆ ಗಣಕಯಂತ್ರವೇ ಬರಬೇಕಾಯಿತು. 1981ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬ್ರೂಸ್ ಲೂಕಸ್ ಮತ್ತು ಟಕೇಯೊ ಕನಾಡೆ, ಒಂದು ಚಿತ್ರದ ಪುಟ್ಟ ತುಣುಕು ಮುಂದಿನ ಚಿತ್ರದಲ್ಲಿ ಎಲ್ಲಿಗೆ ಸರಿದಿದೆ ಎಂದು ಲೆಕ್ಕ ಹಾಕುವ ವಿಧಾನವನ್ನು ಪ್ರಕಟಿಸಿದರು. ಮೋಶನ್ ಟ್ರ್ಯಾಕಿಂಗಿನ ಬೇರುಗಳಲ್ಲಿ ಇದೂ ಒಂದು. 1984ರಲ್ಲಿ ಲೂಕಸ್‌ಫಿಲ್ಮ್‌ನ (ಈ ಲೂಕಸ್ ಬೇರೆ!) ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಚಿತ್ರದ ಮೇಲೆ ಚಿತ್ರ ಕೂಡಿಸುವ ಗಣಿತವನ್ನು ಬರೆದಿಟ್ಟರು. ಪ್ರತಿ ಪಿಕ್ಸೆಲ್‌ಗೂ ಸೊನ್ನೆಯಿಂದ ಒಂದರ ನಡುವಿನ ಒಂದು ‘ಆಲ್ಫಾ’ ಅಂಕಿ. ಕೆನ್ನೆಯ ನಡುವೆ ಅದು ಒಂದು, ಮುಖದ ಹೊರಗೆ ಸೊನ್ನೆ, ಕೂದಲಂಚಿನಲ್ಲಿ ಅರ್ಧ. ಅರ್ಧವಿದ್ದಲ್ಲಿ ಎರಡು ಚಿತ್ರಗಳೂ ಅರ್ಧರ್ಧ ಬೆರೆಯುತ್ತವೆ. ಅಂಟು ಕಾಣದಿರುವುದು ಇದರಿಂದ.

ಹೇಳಿದಷ್ಟು ಸುಲಭದ ಕೆಲಸವಲ್ಲ ಇದು. ಕಣ್ಣಿನ ಮೂಲೆ, ಮೂಗಿನ ಹೊಳ್ಳೆ, ಮಚ್ಚೆ ಇಂಥ ಗುರುತುಗಳನ್ನು ಪ್ರತಿ ಫ್ರೇಮಿನಲ್ಲೂ ಹಿಂಬಾಲಿಸಬೇಕು. ಸಾಲದಿದ್ದರೆ ಮುಖಕ್ಕೆ ಚುಕ್ಕಿ ಅಂಟಿಸಬೇಕು. ಸೆಕೆಂಡಿಗೆ 24 ಫ್ರೇಮ್. ಐದು ಸೆಕೆಂಡಿಗೆ 120. ಎಲ್ಲೋ ಒಂದೆಡೆ ಕೈ ಅಡ್ಡ ಬಂದರೂ ತಂತ್ರಾಂಶ ದಾರಿ ತಪ್ಪುತ್ತದೆ, ಹೊಸ ಮುಖ ಕತ್ತಿನ ಮೇಲೆ ತೇಲತೊಡಗುತ್ತದೆ. ಆಗ ಕಲಾವಿದರು ಕೈಯಿಂದಲೇ ಸರಿಪಡಿಸಬೇಕು. ಆಮೇಲೆ ಬೆಳಕು, ನೆರಳು, ಬಣ್ಣ ಎಲ್ಲವೂ ಹೊಂದಬೇಕು.

ಇದರ ಮೊದಲ ಹೆಸರಾಂತ ಉದಾಹರಣೆಗಳಲ್ಲೊಂದು 1993ರ ‘ಜುರಾಸಿಕ್ ಪಾರ್ಕ್’. ಚಾವಣಿಯಿಂದ ಜಾರಿ ಬೀಳುವ ಹುಡುಗಿಯ ಸಾಹಸವನ್ನು ಮಾಡಿದ ಡ್ಯೂಪ್ ಕ್ಯಾಮೆರಾ ಕಡೆಗೆ ಮುಖ ಎತ್ತಿಬಿಟ್ಟಿದ್ದರು. ಆ ಮುಖದ ಮೇಲೆ ನಟಿ ಅರಿಯಾನಾ ರಿಚರ್ಡ್ಸ್ ಮುಖ ಬಂತು. ಅಪಾಯ ಒಬ್ಬರದು, ಮುಖ ಇನ್ನೊಬ್ಬರದು.

ಅಪಾಯದ ನಂತರ ಸಾವು. 1993ರ ಮಾರ್ಚ್ 31ರಂದು ‘ದಿ ಕ್ರೋ’ ಚಿತ್ರೀಕರಣದ ಅವಘಡದಲ್ಲಿ ನಟ ಬ್ರ್ಯಾಂಡನ್ ಲೀ ತೀರಿಕೊಂಡರು. ಉಳಿದ ದೃಶ್ಯಗಳಲ್ಲಿ ಚ್ಯಾಡ್ ಸ್ಟಾಹೆಲ್ಸ್ಕಿ ನಟಿಸಿದರು; ಕೆಲವೆಡೆ ಅವರ ಮೈಗೆ ಲೀ ಮುಖ ಸೇರಿತು. ಇದೇ ಸ್ಟಾಹೆಲ್ಸ್ಕಿ ಮುಂದೆ ‘ಜಾನ್ ವಿಕ್’ ನಿರ್ದೇಶಿಸಿ ಹೆಸರಾದರು. ಆ ಭಾಗ್ಯ ಎಲ್ಲ ಡ್ಯೂಪ್‌ಗಳಿಗೂ ಸಿಗುವಂಥದ್ದಲ್ಲ. 1999ರ ಮೇ ತಿಂಗಳಲ್ಲಿ ಮಾಲ್ಟಾದಲ್ಲಿ ಆಲಿವರ್ ರೀಡ್ ತೀರಿಕೊಂಡಾಗ ಲಂಡನ್ನಿನ ‘ದಿ ಮಿಲ್’ ಸಂಸ್ಥೆ ‘ಗ್ಲಾಡಿಯೇಟರ್’ ಚಿತ್ರಕ್ಕಾಗಿ ಸುಮಾರು ಎರಡು ನಿಮಿಷಗಳ ದೃಶ್ಯವನ್ನು ಹೀಗೆಯೇ ಜೋಡಿಸಿಕೊಟ್ಟಿತು.

ನಮ್ಮ ಕನ್ನಡಕ್ಕೂ ಇದು ಬಂತು. 2009ರಲ್ಲಿ ನಮ್ಮನ್ನಗಲಿದ ವಿಷ್ಣುವರ್ಧನ್ 2016ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶನದ ‘ನಾಗರಹಾವು’ ಚಿತ್ರದಲ್ಲಿ ಮತ್ತೆ ತೆರೆಗೆ ಬಂದರು. 1972ರ ಪುಟ್ಟಣ್ಣನವರ ‘ನಾಗರಹಾವು’ ನೋಡಿ ಬೆಳೆದವರಿಗೆ ಆ ಹೆಸರೇ ಸಾಕಿತ್ತು. ಇಲ್ಲಿಯೂ ಬೇರೊಬ್ಬರ ಮೈಗೆ ಗಣಕದಲ್ಲಿ ತಯಾರಾದ ಮುಖ. ಅಭಿಮಾನಿಗಳು ಶಿಳ್ಳೆ ಹೊಡೆದದ್ದು ಮುಖಕ್ಕೆ. ಅದನ್ನು ಹೊತ್ತು ನಡೆದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇಷ್ಟಾದರೂ ಆ ಹಳೆಯ ವಿಧಾನದಲ್ಲಿ ಒಂದು ಮರ್ಯಾದೆ ಇತ್ತು. 2010ರ ‘ದಿ ಸೋಶಿಯಲ್ ನೆಟ್‌ವರ್ಕ್’ನಲ್ಲಿ ಅವಳಿ ಸೋದರರ ಪಾತ್ರಕ್ಕೆ ಆರ್ಮಿ ಹ್ಯಾಮರ್ ಮುಖ ಕೊಟ್ಟರು, ಅವಳಿಗಳಲ್ಲೊಬ್ಬರಿಗೆ ಮೈ ಕೊಟ್ಟವರು ಜಾಶ್ ಪೆನ್ಸ್. ತನ್ನ ಮುಖ ಉಳಿಯುವುದಿಲ್ಲವೆಂದು ತಿಳಿದೇ ಪೆನ್ಸ್ ಬಂದಿದ್ದರು, ಸಂಬಳವನ್ನೂ ಪಡೆದರು.

2017ರ ಕೊನೆಯಲ್ಲಿ ‘ಡೀಪ್‌ಫೇಕ್’ ಎಂಬ ಮಾತು ಹುಟ್ಟಿತು. ಇಬ್ಬರ ಸಾವಿರಾರು ಚಿತ್ರಗಳನ್ನು ಉಣಿಸಿದರೆ ಯಂತ್ರವೇ ಮುಖಗಳನ್ನು ಕಲಿತು ಅದಲು ಬದಲು ಮಾಡುತ್ತದೆ. ಚುಕ್ಕಿ ಅಂಟಿಸಬೇಕಿಲ್ಲ, ಯಾರನ್ನೂ ಕರೆಸಬೇಕಿಲ್ಲ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣನವರ ಮುಖವನ್ನು ಬ್ರಿಟನ್ನಿನ ಭಾರತೀಯ ಮೂಲದ ಯುವತಿಯೊಬ್ಬರ ವಿಡಿಯೋಗೆ ಅಂಟಿಸಿ ಹರಿಯಬಿಟ್ಟರು. ರಶ್ಮಿಕಾ ನೊಂದುಕೊಂಡು ಮಾತಾಡಿದ್ದನ್ನು ಎಲ್ಲರೂ ಕೇಳಿದೆವು. ಆ ಯುವತಿಯೂ ಇದರಿಂದ ಕಳವಳಗೊಂಡಿದ್ದೇನೆ ಎಂದು ಹೇಳಿಕೊಂಡಿದ್ದರು. ಅದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಮುಖ ಕಳವಾದದ್ದು ಒಬ್ಬರದಾದರೆ ಮೈ ಕಳವಾದದ್ದು ಇನ್ನೊಬ್ಬರದು.

ಅದೇ 2023ರಲ್ಲಿ ಅಮೆರಿಕದ ನಟನಟಿಯರ ಸಂಘ 118 ದಿನ ಮುಷ್ಕರ ಹೂಡಿ, ಡಿಜಿಟಲ್ ಪ್ರತಿರೂಪಕ್ಕೆ ಒಪ್ಪಿಗೆಯೂ ಸಂಭಾವನೆಯೂ ಬೇಕೆಂಬ ಶರತ್ತನ್ನು ಕರಾರಿಗೆ ಸೇರಿಸಿತು. ಅದು ಅಲ್ಲಿನ ನಟರಿಗಾಯಿತು. ಲಿಫ್ಟಿನಲ್ಲಿ ನಿಂತು ವಿಡಿಯೋ ಮಾಡಿಕೊಂಡ ಹುಡುಗಿಗೆ ಯಾವ ಸಂಘವಿದೆ?

ತಂತ್ರಾಂಶದ ಕೆಲಸದಲ್ಲಿರುವ ನಾವು ಯಾವಾಗಲೂ ವೇಗವನ್ನೇ ಹೊಗಳುತ್ತೇವೆ. ಮೊದಲು ವಾರಗಟ್ಟಲೆ ಹಿಡಿಯುತ್ತಿದ್ದದ್ದು ಈಗ ಗಳಿಗೆಯಲ್ಲಿ ಆಗುತ್ತದೆ ಎಂದು ಬೀಗುತ್ತೇವೆ. ಆ ವಾರಗಳಲ್ಲಿ ಜನರನ್ನು ಕರೆಸಬೇಕಿತ್ತು, ದೀಪದ ಕೆಳಗೆ ನಿಲ್ಲಿಸಬೇಕಿತ್ತು, ಮುಖದ ಮೇಲೆ ಚುಕ್ಕಿ ಇಡಬೇಕಿತ್ತು. ಚುಕ್ಕಿ ಇಡುವ ಮೊದಲು ‘ಆಗಬಹುದೇ?’ ಎಂದು ಕೇಳಲೇಬೇಕಿತ್ತು. ಯಂತ್ರ ಉಳಿಸಿಕೊಟ್ಟ ಸಮಯದ ಜೊತೆಗೆ ಆ ಪ್ರಶ್ನೆಯೂ ಉಳಿತಾಯದ ಲೆಕ್ಕಕ್ಕೆ ಹೋಗಿಬಿಟ್ಟಿದೆ.