ಅಂಚೆಯಲ್ಲಿ ಬಂದ ಕಾಲೇಜು

ತಿಪಟೂರು ಸೀಮೆಯ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ ತಲೆಯೆತ್ತಿ ನೋಡಿದರೆ ನೆತ್ತಿಯ ಮೇಲೆ ಶಿವ ಕುಣಿಯುತ್ತಾನೆ. ಸುತ್ತ ಅಷ್ಟದಿಕ್ಪಾಲಕರು. ನೊಳಂಬರ ಕಾಲದ, 9ನೇ ಶತಮಾನದ ಕೆತ್ತನೆ ಇದು. ಅದೇ ಊರಿನ ಚೆನ್ನಕೇಶವ ಗುಡಿ ಹೊಯ್ಸಳರದು, 13ನೇ ಶತಮಾನದ್ದು. ಅದನ್ನು ಕಡೆದ ಹೊನೋಜನ ಹೆಸರು ಇಂದಿಗೂ ಉಳಿದಿದೆ. ಆ ಕಾಲದಲ್ಲಿ ಕಸುಬು ಮನೆತನದಿಂದ ಬರುತ್ತಿತ್ತು. ಉಳಿ ಹಿಡಿದವನು ಕೊನೆಯವರೆಗೂ ಉಳಿ ಹಿಡಿಯುತ್ತಿದ್ದ. ನಲವತ್ತರ ವಯಸ್ಸಿನಲ್ಲಿ ಕಸುಬು ಬಿಟ್ಟು ಮತ್ತೆ ಪಾಠಕ್ಕೆ ಕೂರುವ ಮಾತೇ ಇರಲಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲೂ ಬದುಕು ಬಹುಕಾಲ ಹೀಗೆಯೇ ನಡೆಯಿತು. ಕಾಯಿ ಅಟ್ಟಕ್ಕೇರಿ, ಹತ್ತು-ಹನ್ನೊಂದು ತಿಂಗಳು ಅಲ್ಲೇ ಒಣಗಿ, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಇಳಿಯುತ್ತಿತ್ತು. ತೋಟ ಇದ್ದವರಿಗೆ ತೋಟ, ಇಲ್ಲದವರಿಗೆ ಕೂಲಿ. ಓದು ನಿಂತರೆ ನಿಂತೇಹೋಯಿತು.

ನಿಂತ ಓದನ್ನು ಮತ್ತೆ ಹಿಡಿಯಬಹುದು ಎಂಬ ಆಸೆ ಹಳೇ ಮೈಸೂರಿನಲ್ಲಿ ಮೆಲ್ಲಗೆ ಚಿಗುರಿತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ ಮುಂದೆ ತನ್ನ ಅಧ್ಯಾಪಕರನ್ನು ಹಳ್ಳಿ-ಪೇಟೆಗಳಿಗೆ ಕಳಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿಸಿತು. ಆ ಭಾಷಣಗಳು ಪುಟ್ಟ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಸಿಕ್ಕವು. 1940ರ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿ ರಾತ್ರಿ ತರಗತಿ ನಡೆಸಿತು. ಹೊಸದಾಗಿ ಅಕ್ಷರ ಕಲಿತವರಿಗೆಂದು ‘ಬೆಳಕು’ ಪತ್ರಿಕೆ ತಂದಿತು. ರೈತರು ಹಾಸ್ಟೆಲಿನಲ್ಲಿದ್ದು ಕಲಿಯುವ ವಿದ್ಯಾಪೀಠಗಳನ್ನು ಕಟ್ಟಿತು. ಡೆನ್ಮಾರ್ಕಿನ ರೈತಶಾಲೆಗಳ ಮಾದರಿಯಲ್ಲಿ ಎದ್ದ ಇಂಥದೊಂದು ವಿದ್ಯಾಪೀಠ ನಂಜನಗೂಡಿನಲ್ಲಿತ್ತು. ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳಿಗೆ, ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳಿಗೆ ಸಂಸಾರಸ್ಥರು ಮನೆಯಲ್ಲೇ ಓದಿ ಕೂತರು. ಎಸ್ಸೆಸ್ಸೆಲ್ಸಿಯನ್ನು ‘ಖಾಸಗಿಯಾಗಿ ಕಟ್ಟುವ’ ರೂಢಿಯೂ ಬೆಳೆಯಿತು.

ಇಷ್ಟಾದರೂ ಡಿಗ್ರಿ ಮಾತ್ರ ದೂರವೇ ಇತ್ತು. ಅದಕ್ಕೆ ಕಾಲೇಜಿಗೆ ಹೋಗಬೇಕು, ಹೋಗಲು ಕೆಲಸ ಬಿಡಬೇಕು, ಬಿಟ್ಟರೆ ಮನೆ ನಡೆಯದು.

ಈ ಗಂಟು ಬಿಡಿಸಿದ್ದು ಅಂಚೆ ಇಲಾಖೆಯ ಚೀಲ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಶಿಕ್ಷಣ ಶುರುಮಾಡಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಗೆ ರಾಜಸನ್ನದು ಸಿಕ್ಕಿದ್ದೂ ಅದೇ ವರ್ಷ. ಅಲ್ಲಿನ ಪಾಠಗಳು ರೇಡಿಯೊ, ಟೆಲಿವಿಷನ್ನಿನಲ್ಲೂ ಬಂದವು. ಇಲ್ಲಿನವು ಅಚ್ಚಾಗಿ, ಕಂದು ಲಕೋಟೆಯಲ್ಲಿ ಪೋಸ್ಟ್‌ಮ್ಯಾನ್ ಕೈಯಿಂದ ಬಂದವು. ಹೆಂಚಿನ ಮನೆಯ ಜಗಲಿಯೇ ತರಗತಿಯಾಯಿತು.

ಈ ಬಾಗಿಲನ್ನು ಹೆಚ್ಚು ಬಳಸಿದವರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿದ್ದರು. ಟಿ.ಸಿ.ಎಚ್. ತರಬೇತಿ ಮುಗಿಸಿ ಚಿಕ್ಕ ವಯಸ್ಸಿಗೇ ಕೆಲಸಕ್ಕೆ ಸೇರಿದವರು ಮದುವೆ, ಮಕ್ಕಳೆಲ್ಲ ಆದಮೇಲೆ ಬಿ.ಎ.ಗೆ, ಆಮೇಲೆ ಎಂ.ಎ.ಗೆ ಕಟ್ಟಿದರು. ಹೈಸ್ಕೂಲು ಮೇಷ್ಟ್ರಾಗುವ, ಕಾಲೇಜಿನಲ್ಲಿ ಪಾಠ ಹೇಳುವ ದಾರಿ ಅವರಿಗೆ ಹೀಗೆ ತೆರೆಯಿತು. ಗುಮಾಸ್ತರು, ಕಂಡಕ್ಟರುಗಳು, ಮದುವೆಯ ದೆಸೆಯಿಂದ ಓದು ನಿಲ್ಲಿಸಿದ್ದ ಹೆಣ್ಣುಮಕ್ಕಳೂ ಇದೇ ದಾರಿ ಹಿಡಿದರು. ಸಂಪರ್ಕ ತರಗತಿಗೆ ಮೈಸೂರಿಗೇ ಹೋಗಬೇಕಿತ್ತು. ಅರಳಗುಪ್ಪೆ, ತಿಪಟೂರಿನ ಕಡೆಯವರಿಗೆ ಅರಸೀಕೆರೆಯಲ್ಲಿ ಗಾಡಿ ಬದಲಿಸಿ, ಹಾಸನ, ಹೊಳೆನರಸೀಪುರದ ಮೇಲೆ ಹೋಗುವ ರೈಲು ಮಾರ್ಗವಿತ್ತು.

1996ರ ಜೂನ್ 1ರಂದು ಆ ಸಂಸ್ಥೆಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ‘ಎಲ್ಲರಿಗೂ ಎಲ್ಲೆಡೆ ಉನ್ನತ ಶಿಕ್ಷಣ’ ಅದರ ಘೋಷವಾಕ್ಯ. ಮೈಸೂರಿನ ಮುಕ್ತಗಂಗೋತ್ರಿ ಅದರ ನೆಲೆ. ಜಿಲ್ಲೆಗಳಲ್ಲಿ ಕೇಂದ್ರಗಳು ತೆರೆದಂತೆ ಮೈಸೂರಿನ ದೂರ ಕಡಿಮೆಯಾಯಿತು.

ಆದರೆ ಕಲಿಯುವವರಿಗೆ ಪೆಟ್ಟು ಬಿದ್ದದ್ದೂ ಇಲ್ಲಿಯೇ. ರಾಜ್ಯದ ಹೊರಗೆ ಖಾಸಗಿ ಸಂಸ್ಥೆಗಳ ಜೊತೆ ಮಾಡಿಕೊಂಡ ಒಪ್ಪಂದಗಳು ವಿವಾದವಾಗಿ, 2013-14ರಿಂದ ಯುಜಿಸಿ ಮಾನ್ಯತೆ ಇಲ್ಲದಾಯಿತು. ಅದು ಮರಳಿದ್ದು 2018ರಲ್ಲಿ. ಇಪ್ಪತ್ತರ ಹುಡುಗ ಹೇಗೋ ಬೇರೆ ಕಾಲೇಜು ಹುಡುಕಿಕೊಂಡಾನು. ಸಂಬಳದಲ್ಲಿ ಉಳಿಸಿ ಶುಲ್ಕ ಕಟ್ಟಿ, ಬಡ್ತಿಗೋ ಹೊಸ ಕೆಲಸಕ್ಕೋ ಕಾದಿದ್ದ ನಲವತ್ತೈದರ ಮನುಷ್ಯನಿಗೆ ಕಳೆದ ವರ್ಷಗಳು ಮರಳಿ ಬರುವುದಿಲ್ಲ. ಆಡಳಿತದ ತಪ್ಪಿಗೆ ವಿದ್ಯಾರ್ಥಿ ತೆತ್ತ ದಂಡ ಅದು, ಅನ್ಯಾಯದ ದಂಡ.

ಮರಳಿ ಕಲಿಯುವುದೆಂದರೆ ಡಿಗ್ರಿಯೊಂದೇ ಅಲ್ಲ ಎಂಬುದನ್ನು ತೋರಿಸಿದ್ದೂ ಈ ತೆಂಗಿನ ಸೀಮೆಯ ಕಷ್ಟವೇ. 1990ರ ದಶಕದ ಕೊನೆಗೆ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಇಲ್ಲಿಗೂ ಹಬ್ಬಿ ಕಾಯಿಯನ್ನು ಸಣ್ಣದಾಗಿಸಿತು. ಮೇಲಿಂದ ಮೇಲೆ ಬರ ಬಂತು. ಮರ ಹತ್ತುವವರ ಮಕ್ಕಳು ಬೆಂಗಳೂರಿನ ದಾರಿ ಹಿಡಿದರು. ಸುಳಿ ನೋಡಿ ಕೆಂಪುಮೂತಿ ಹುಳು ಗುರುತಿಸುವವರೇ ವಿರಳವಾದರು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ‘ತೆಂಗಿನ ಮರಗಳ ಸ್ನೇಹಿತರು’ ತರಬೇತಿ ಆರಂಭಿಸಿತು. ಆರು ದಿನದ ಪಾಠ, 18ರಿಂದ 45ರ ವಯಸ್ಸಿನವರಿಗೆ. ಯಂತ್ರದ ನೆರವಿನಿಂದ ಮರ ಹತ್ತುವುದು, ಸುಳಿ ಚೊಕ್ಕ ಮಾಡುವುದು, ರೋಗ ಗುರುತಿಸುವುದು, ಜೊತೆಗೆ ವಿಮೆಯ ರಕ್ಷಣೆ. ಮನೆತನದಿಂದ ಬರುತ್ತಿದ್ದ ಕಸುಬು ಇಲ್ಲಿ ಯಾರು ಬೇಕಾದರೂ ಕಲಿಯಬಹುದಾದ ಪಠ್ಯವಾಯಿತು. ತಿಪಟೂರಿನ ಪಕ್ಕದ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವಂತೂ ವಯಸ್ಸಾದ ರೈತರನ್ನು ಕಲಿಯುವವರೆಂದೇ ಕಾಣುವ ಜಾಗ.

ಪ್ರಚಾರೋಪನ್ಯಾಸದಿಂದ ಅಂಚೆ ಪಾಠದವರೆಗೆ ಈ ಬಾಗಿಲುಗಳು ತಾವಾಗಿ ತೆರೆದುಕೊಂಡವಲ್ಲ. ಓದು ಮಕ್ಕಳ ಸೊತ್ತು ಮಾತ್ರವಲ್ಲ ಎಂದು ನಂಬಿದವರು ದುಡ್ಡು, ದುಡಿಮೆ ಹಾಕಿ ತೆರೆದರು. ಅವನ್ನು ಮುಚ್ಚದಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ: ತಾಲ್ಲೂಕು ಮಟ್ಟದಲ್ಲಿ ಸಂಪರ್ಕ ತರಗತಿ, ಹೊತ್ತಿಗೆ ಸರಿಯಾಗಿ ಪಠ್ಯ, ಕೈತಪ್ಪದ ಮಾನ್ಯತೆ. ಮತ್ತೆ ಓದಬೇಕೆಂದಿರುವವರು ವಯಸ್ಸಿನ ನಾಚಿಕೆಯಿಂದ ಹಿಂದೆಗೆಯದಿರಲಿ. ಶುಲ್ಕ ಕಟ್ಟುವ ಮುನ್ನ ಮಾತ್ರ ಆ ವರ್ಷಕ್ಕೆ, ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ತಪ್ಪದೆ ನೋಡಿಕೊಳ್ಳಲಿ.