ಒಂದು ಡಾಲರಿನ ವಿನಾಯಿತಿ
ಅಮೆರಿಕದ 1930ರ ಸುಂಕ ಕಾಯ್ದೆಗೆ 1938ರಲ್ಲಿ ತಂದ ತಿದ್ದುಪಡಿ, ಬರುವ ಸುಂಕಕ್ಕಿಂತ ವಸೂಲಿಯ ಖರ್ಚೇ ಹೆಚ್ಚಾಗುವ ಅಲ್ಪಮೌಲ್ಯದ ಸರಕನ್ನು, ಎಂದರೆ ಸಾಮಾನ್ಯವಾಗಿ ಒಂದು ಡಾಲರಿನೊಳಗಿನದನ್ನು, ಸುಂಕವಿಲ್ಲದೆ ಒಳಬಿಡಲು ಅವಕಾಶ ಕೊಟ್ಟಿತು. ಇದಕ್ಕೆ ‘ಡಿ ಮಿನಿಮಿಸ್’ ವಿನಾಯಿತಿ ಎಂದು ಹೆಸರು. ಪೊಟ್ಟಣ ಬಿಚ್ಚಿ, ಬೆಲೆ ಕಟ್ಟಿ, ನಮೂನೆ ತುಂಬಿ ಕೆಲವೇ ಸೆಂಟು ಪಡೆಯುವ ಅಧಿಕಾರಿಯ ವೇಳೆ ಉಳಿಸುವುದಷ್ಟೇ ಅದರ ಉದ್ದೇಶವಾಗಿತ್ತು. ಮಿತಿಯು 2016ರಲ್ಲಿ 800 ಡಾಲರಿಗೆ ಏರಿದ ಮೇಲೆ ಗುಮಾಸ್ತಗಿರಿಯ ಈ ಸಣ್ಣ ಸೌಲಭ್ಯವೇ ಆನ್‌ಲೈನ್ ವ್ಯಾಪಾರದ ರಾಜಮಾರ್ಗವಾಗಿ, ಚೀನಾದ ಗೋದಾಮಿನ ಅಂಗಿಗಳು ಒಂದೊಂದೇ ಪೊಟ್ಟಣವಾಗಿ ಗ್ರಾಹಕರ ಮನೆಬಾಗಿಲು ಸೇರತೊಡಗಿದವು. 2024ರ ಆರ್ಥಿಕ ವರ್ಷದಲ್ಲಿ ಇಂತಹ ರವಾನೆಗಳು 130 ಕೋಟಿ ಮೀರಿದವು. ಚೀನಾದ ಸರಕಿಗೆ 2025ರ ಮೇ 2ರಂದು, ಉಳಿದ ದೇಶಗಳದಕ್ಕೆ ಆಗಸ್ಟ್ 29ರಂದು ವಿನಾಯಿತಿ ನಿಂತಾಗ, ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂಬುದು ತಿಳಿಯದೆ ಭಾರತವೂ ಸೇರಿ ಹಲವು ದೇಶಗಳ ಅಂಚೆ ಇಲಾಖೆಗಳು ಅಮೆರಿಕಕ್ಕೆ ಹೋಗುವ ಪಾರ್ಸೆಲ್‌ಗಳನ್ನೇ ಕೆಲಕಾಲ ನಿಲ್ಲಿಸಿದವು.