ಸ್ಪುಟ್ನಿಕ್‌ಗೂ ಮುಂಚಿನ ಪಠ್ಯ: ಅಮೆರಿಕದ ಹೈಸ್ಕೂಲು ಭೌತವಿಜ್ಞಾನದ ಮರುವಿಚಾರ

ಅಮೆರಿಕದ ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿ ಕಲಿಸುವ ಭೌತವಿಜ್ಞಾನ ಹೊಸ ರೂಪ ಪಡೆದದ್ದು ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹುಟ್ಟಿಸಿದ ಭಯದಿಂದ ಎಂಬ ಮಾತು ಶಿಕ್ಷಣ ಚರಿತ್ರೆಯಲ್ಲಿ ಬೇರೂರಿದೆ. ಕಾಲಾನುಕ್ರಮ ಇದನ್ನು ಒಪ್ಪುವುದಿಲ್ಲ. ಎಂಐಟಿಯ ಭೌತವಿಜ್ಞಾನಿ ಜೆರಾಲ್ಡ್ ಝಕರಾಯಸ್ ತಮ್ಮ ಸಂಸ್ಥೆಯ ಅಧ್ಯಕ್ಷ ಜೇಮ್ಸ್ ಕಿಲಿಯನ್ನರ ಮುಂದೆ ಹೈಸ್ಕೂಲು ಭೌತವಿಜ್ಞಾನವನ್ನು ಬದಲಿಸುವ ಯೋಜನೆಯನ್ನಿಟ್ಟದ್ದು 1956ರಲ್ಲಿ. ಪಿಎಸ್‌ಎಸ್‌ಸಿ (ಫಿಸಿಕಲ್ ಸೈನ್ಸ್ ಸ್ಟಡಿ ಕಮಿಟಿ) ಎಂದು ಹೆಸರಾದ ಸಮಿತಿ ಕೂಡಿದ್ದೂ, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಮೂರು ಲಕ್ಷ ಡಾಲರಿಗೂ ಮಿಕ್ಕ ಅನುದಾನ ಕೊಟ್ಟದ್ದೂ ಅದೇ ವರ್ಷ. ಸ್ಪುಟ್ನಿಕ್ ಹಾರಿದ್ದು 1957ರ ಅಕ್ಟೋಬರ್ 4ರಂದು. 8 ಶಾಲೆಗಳಲ್ಲಿ ಸುಮಾರು 300 ವಿದ್ಯಾರ್ಥಿಗಳ ಮೇಲೆ ಈ ಪಠ್ಯವನ್ನು ಪರೀಕ್ಷಿಸಿದ ಶಾಲಾವರ್ಷವೂ ಅದೇ. ಉಪಗ್ರಹ ಮೇಲೇರುವ ಹೊತ್ತಿಗೆ ಪಠ್ಯದ ಚೌಕಟ್ಟು ಬಹುಪಾಲು ತೀರ್ಮಾನವಾಗಿತ್ತು.

ಪಠ್ಯದೊಳಗಿನ ಸಾಕ್ಷ್ಯ ಇನ್ನೂ ಬಲವಾದದ್ದು. ಆಗಿನ ರೂಢಿಯ ಪುಸ್ತಕಗಳಲ್ಲಿ ಮೋಟಾರು ಇಂಜಿನ್, ರೆಫ್ರಿಜರೇಟರುಗಳ ವಿವರಣೆ ಧಾರಾಳವಾಗಿತ್ತು. ಪಿಎಸ್‌ಎಸ್‌ಸಿ ಅದನ್ನೆಲ್ಲ ಬಹುಮಟ್ಟಿಗೆ ಕೈಬಿಟ್ಟು, ನ್ಯೂಟನ್ನನ ಯಂತ್ರಶಾಸ್ತ್ರಕ್ಕಿಂತ ಮೊದಲೇ ಬೆಳಕು ಮತ್ತು ಅಲೆಗಳನ್ನು ಇರಿಸಿತು. ಅಲೆಗಳ ಒಂದು ಪ್ರಯೋಗ ಹೀಗಿತ್ತು: ಗಾಜಿನ ತಳದ ಅಗಲವಾದ ತಟ್ಟೆ, ಅದರಲ್ಲಿ ತೆಳ್ಳಗೆ ನೀರು, ಮೇಲೊಂದು ದೀಪ, ಕೆಳಗೆ ಬಿಳಿ ಕಾಗದ. ನೀರನ್ನು ಕಡ್ಡಿಯಿಂದ ಅಲುಗಿಸಿದರೆ ಅಲೆಯ ನೆರಳು ಕಾಗದದ ಮೇಲೆ ಸಾಗುತ್ತದೆ. ಸೀಳುಗಳಿರುವ ರಟ್ಟಿನ ಬಿಲ್ಲೆಯನ್ನು ಕಣ್ಣೆದುರು ತಕ್ಕ ವೇಗದಲ್ಲಿ ತಿರುಗಿಸಿದರೆ ಆ ನೆರಳು ನಿಂತಂತೆ ಕಂಡು, ಅಲೆಯುದ್ದವನ್ನು ಅಳತೆಪಟ್ಟಿಯಿಟ್ಟೇ ಅಳೆಯಬಹುದು. ರಾಕೆಟ್ ಪೈಪೋಟಿಗೆ ಹುಡುಗರನ್ನು ಸಜ್ಜು ಮಾಡುವ ಅವಸರ ಇಲ್ಲಿ ಕಾಣುವುದಿಲ್ಲ. ಕಾಣುವುದು ಸಂಶೋಧಕನ ನೋಟವನ್ನೇ ಶಾಲೆಗಿಳಿಸುವ ಹಂಬಲ.

ಇದಕ್ಕೊಂದು ತೂಕದ ಆಕ್ಷೇಪವಿದೆ. ಝಕರಾಯಸ್ ಯುದ್ಧಕಾಲದಲ್ಲಿ ರಡಾರ್ ಮೇಲೆ ದುಡಿದು ಪರಮಾಣು ಬಾಂಬ್ ರೂಪುಗೊಂಡ ಲಾಸ್ ಅಲಮೋಸ್‌ಗೂ ಹೋಗಿಬಂದವರು. ಸೋವಿಯತ್ ದೇಶ ಇಂಜಿನಿಯರುಗಳನ್ನು ಹೆಚ್ಚುಹೆಚ್ಚಾಗಿ ತಯಾರಿಸುತ್ತಿದೆಯೆಂಬ ಆತಂಕವೂ 1957ಕ್ಕಿಂತ ಹಿಂದಿನದೇ. ಒಪ್ಪತಕ್ಕ ಮಾತೇ. ಶೀತಲ ಸಮರವಿಲ್ಲದೆ ಸರ್ಕಾರದ ಹಣ ಶಾಲಾಪಠ್ಯದತ್ತ ಅಷ್ಟು ಸಲೀಸಾಗಿ ಹರಿಯುತ್ತಿರಲಿಲ್ಲ. ಸ್ಪುಟ್ನಿಕ್ ನಂತರ, 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯೊಂದಿಗೆ, ಆ ಹರಿವು ಇನ್ನಷ್ಟು ಹೆಚ್ಚಿತು. ಆದರೆ ಹಣ ಎಲ್ಲಿಂದ ಬಂತೆನ್ನುವುದು ಒಂದು ಪ್ರಶ್ನೆ, ಏನನ್ನು ಕಲಿಸಬೇಕೆಂದು ಯಾರು ನಿರ್ಧರಿಸಿದರು ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು. 1880ರ ದಶಕದಲ್ಲಿ ಹಾರ್ವರ್ಡ್ ಪ್ರವೇಶ ಬಯಸುವವರಿಗಾಗಿ ಅಲ್ಲಿನ ಭೌತವಿಜ್ಞಾನಿ ಎಡ್ವಿನ್ ಹಾಲ್ 40 ಪ್ರಯೋಗಗಳ ಪಟ್ಟಿ ಸಿದ್ಧಪಡಿಸಿದರು, ಶಾಲೆಗಳು ಅದರ ಬೆನ್ನುಹಿಡಿದು ಪ್ರಯೋಗಾಲಯ ಕಟ್ಟಿಕೊಂಡವು. ಆಗ ಸೋವಿಯತ್ ಒಕ್ಕೂಟವೇ ಹುಟ್ಟಿರಲಿಲ್ಲ. ವಿಶ್ವವಿದ್ಯಾಲಯದ ಭೌತವಿಜ್ಞಾನಿ ತನ್ನ ಶಿಸ್ತಿನ ಅಚ್ಚಿನಲ್ಲಿ ಶಾಲಾಪಠ್ಯವನ್ನು ಎರಕಹೊಯ್ಯುವ ಪದ್ಧತಿ ಅಷ್ಟು ಹಳೆಯದು.

ಪಿಎಸ್‌ಎಸ್‌ಸಿಯಲ್ಲಿ ಶಾಲಾಶಿಕ್ಷಕರೂ ಇದ್ದರಲ್ಲ ಎನ್ನಬಹುದು. ಇದ್ದರು, ಪ್ರಯೋಗಗಳನ್ನು ತಿದ್ದಿದರು ಕೂಡ. ಚುಕ್ಕಾಣಿ ಮಾತ್ರ ಸಂಶೋಧಕರ ಕೈಯಲ್ಲಿತ್ತು. ಪಠ್ಯ 1960ರಲ್ಲಿ ಪುಸ್ತಕವಾಗಿ ಬಂದ ಮೇಲೂ ಬಹುಪಾಲು ಹೈಸ್ಕೂಲು ವಿದ್ಯಾರ್ಥಿಗಳು ಭೌತವಿಜ್ಞಾನದಿಂದ ದೂರವೇ ಉಳಿದರು. ಅಂಥವರನ್ನೂ ಸೆಳೆಯಬೇಕೆಂದು ಹೊರಟ ಹಾರ್ವರ್ಡ್ ಪ್ರಾಜೆಕ್ಟ್ ಫಿಸಿಕ್ಸ್‌ನ ಮುಂದಾಳುಗಳು ಮೂವರು: ಭೌತವಿಜ್ಞಾನಿಯೂ ವಿಜ್ಞಾನ ಚರಿತ್ರಕಾರರೂ ಆದ ಜೆರಾಲ್ಡ್ ಹೋಲ್ಟನ್, ವಿಜ್ಞಾನ ಶಿಕ್ಷಣದ ಪ್ರಾಧ್ಯಾಪಕ ಫ್ಲೆಚರ್ ವಾಟ್ಸನ್, ಕ್ಯಾಲಿಫೋರ್ನಿಯಾದ ಹೈಸ್ಕೂಲು ಮೇಷ್ಟ್ರಾಗಿದ್ದ ಜೇಮ್ಸ್ ರುದರ್‌ಫರ್ಡ್.